ಲೊಚಗುಟ್ಟುವ ನಾಲಿಗೆ

ಕಣ್ಣು ಕಾಣದ ಹುಡುಗನೊಬ್ಬ ಕೋಲು ತಟ್ಟುತ್ತ ಬೀದಿಯಲ್ಲಿ ಬಂದರೆ ನೋಡುವವರಲ್ಲಿ ಮೊದಲು ಅಲ್ಲಾಡುವುದು ನಾಲಿಗೆ. ಅದು ಅಂಗುಳಿಗೆ ಅಂಟಿಕೊಂಡು, ಬಿಟ್ಟು, ‘ಲೊಚ್’ ಎನ್ನುತ್ತದೆ. ಬೆನ್ನಿಗೇ ‘ಪಾಪ’ ಬರುತ್ತದೆ, ‘ಚಿಕ್ಕ ವಯಸ್ಸು’ ಬರುತ್ತದೆ, ‘ಮನೆಯವರು ಒಬ್ಬನನ್ನೇ ಹೇಗೆ ಬಿಟ್ಟರೋ’ ಬರುತ್ತದೆ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟಿ ಶಕುನ ನೋಡುವವರು ನಾವು. ನಮ್ಮದೇ ನಾಲಿಗೆ ಲೊಚಗುಟ್ಟಿದಾಗ ಅದು ಆ ಹುಡುಗನ ಕಿವಿಗೆ ಎಂಥ ಶಕುನವಾಗಿ ಬೀಳುತ್ತದೆಂದು ಒಂದು ದಿನವೂ ಯೋಚಿಸಿಲ್ಲ.

ಸರಿಸುಮಾರು ಅದೇ ಸದ್ದನ್ನು, ಅದೇ ನಾಲಿಗೆ ಅಂಗುಳಿನಿಂದ ಹೊರಡಿಸಿ, ದಾರಿ ಕಂಡುಕೊಂಡವರಿದ್ದಾರೆ. ಡೇನಿಯಲ್ ಕಿಶ್ 1966ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆಬೆಲ್ಲೊದಲ್ಲಿ ಹುಟ್ಟಿದವರು. ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿನಿಂದಾಗಿ ಏಳನೇ ತಿಂಗಳಿಗೆ ಒಂದು ಕಣ್ಣು, ಹದಿಮೂರನೇ ತಿಂಗಳಿಗೆ ಇನ್ನೊಂದು ಕಣ್ಣು ತೆಗೆಯಬೇಕಾಯಿತು. ಅಂಬೆಗಾಲಿನ ವಯಸ್ಸು ದಾಟುವಷ್ಟರಲ್ಲೇ ಮಗು ನಾಲಿಗೆಯಿಂದ ಟಕ್ ಟಕ್ ಎನ್ನಿಸುತ್ತ, ಗೋಡೆಗೆ, ಬೇಲಿಗೆ, ಮರಕ್ಕೆ ಬಡಿದು ಮರಳುವ ದನಿಯನ್ನು ಕೇಳಿಸಿಕೊಳ್ಳುತ್ತ ಓಡಾಡತೊಡಗಿತು. ಯಾರೂ ಕಲಿಸಿರಲಿಲ್ಲ. ದೊಡ್ಡ ವಿಷಯವೆಂದರೆ ಯಾರೂ ಬಿಡಿಸಲಿಲ್ಲ. ತಂದೆತಾಯಿ ಅವನನ್ನು ಮರ ಹತ್ತಲು ಬಿಟ್ಟರು, ಸೈಕಲ್ ತುಳಿಯಲು ಬಿಟ್ಟರು, ಬೀಳಲೂ ಬಿಟ್ಟರು. ದೊಡ್ಡವರಾದ ಮೇಲೆ ಕಿಶ್ ಈ ವಿದ್ಯೆಗೆ ‘ಫ್ಲ್ಯಾಶ್ ಸೋನಾರ್’ ಎಂದು ಹೆಸರಿಟ್ಟು, ಅದಕ್ಕೊಂದು ಪಾಠಕ್ರಮ ಕಟ್ಟಿ, 2000ದಲ್ಲಿ ಒಂದು ಸಂಸ್ಥೆ ಆರಂಭಿಸಿ ದೇಶದಿಂದ ದೇಶಕ್ಕೆ ಹೋಗಿ ಕಣ್ಣಿಲ್ಲದ ಮಕ್ಕಳಿಗೆ ಕಲಿಸುತ್ತ ಬಂದರು. ವಿಜ್ಞಾನದಲ್ಲಿ ಇದರ ಹೆಸರು ಎಕೋಲೊಕೇಶನ್. ನಾವು ಮಾರ್ದನಿಯ ಜಾಡು ಎನ್ನಬಹುದು.

ಹಾಗಾದರೆ ನಾಲಿಗೆಯ ಸದ್ದು ಎರಡು ಬಗೆಯದು. ನಮ್ಮದು ಮರುಕದ ಲೊಚ್, ಅವರದು ದಾರಿಯ ಟಕ್. ನಮ್ಮ ಲೊಚ್ ಜೋರಾಗಿರುವುದರಿಂದ ಅವರ ಟಕ್ ಕೇಳಿಸುತ್ತಿಲ್ಲ ಎಂಬುದು ನನ್ನ ದೂರು. ಈ ಲೇಖನ ಆ ಲೊಚ್‌ನ ವಿರುದ್ಧ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ನಮ್ಮಲ್ಲಿ ಬಹುತೇಕರು ನಂಬಿರುವುದು ಹೀಗೆ: ಕಣ್ಣಿಲ್ಲದವರನ್ನು ಕೈಹಿಡಿದು ನಡೆಸುವುದು ಕಣ್ಣಿದ್ದವರ ಧರ್ಮ. ಒಬ್ಬರೇ ಹೊರಗೆ ಕಳಿಸುವುದು ಕಟುಕತನ. ಯಾರೋ ಒಬ್ಬಿಬ್ಬರು ಒಂಟಿಯಾಗಿ ಓಡಾಡಿದರೆ ಅದು ದೇವರು ಒಂದು ಕಿತ್ತುಕೊಂಡು ಇನ್ನೊಂದು ಕೊಟ್ಟ ವರ, ಎಲ್ಲರಿಗೂ ಬರುವಂಥದ್ದಲ್ಲ. ಅದೆಲ್ಲ ಅಮೆರಿಕದ ನುಣ್ಣನೆ ರಸ್ತೆಗೆ ಸರಿ, ನಮ್ಮ ಚರಂಡಿ ಬಾಯ್ತೆರೆದ ಬೀದಿಗಲ್ಲ. ಮುಂದೆ ಯಾವುದಾದರೂ ಯಂತ್ರ ಬಂದು ಈ ತೊಂದರೆಯನ್ನೇ ಇಲ್ಲವಾಗಿಸುತ್ತದೆ, ಅಲ್ಲಿಯವರೆಗೆ ಮನೆಯೇ ಕ್ಷೇಮ. ಈ ಮತ ಕೆಟ್ಟವರದಾಗಿದ್ದರೆ ಖಂಡಿಸುವುದು ಸುಲಭವಿತ್ತು. ಇದು ಅಮ್ಮನ ಮತ, ಅಜ್ಜಿಯ ಮತ, ಬಸ್ ಕಂಡಕ್ಟರನ ಮತ, ವಿಶೇಷ ಶಾಲೆಯ ಒಳ್ಳೆಯ ವಾರ್ಡನ್ನಿನ ಮತ. ಬಹಳ ಕಾಲ ನನ್ನದೂ ಆಗಿತ್ತು.

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಕಾಲೇಜು ಹುಡುಗನೊಬ್ಬ ಬಿಳಿ ಕೋಲು ಆಡಿಸುತ್ತ ಪ್ಲಾಟ್‌ಫಾರಮ್ಮಿನ ಉದ್ದಕ್ಕೆ ಹೋಗುತ್ತಿದ್ದ. ನಾನು ಧರ್ಮಾತ್ಮನಂತೆ ಹೋಗಿ ರಟ್ಟೆ ಹಿಡಿದು ಎಳೆದೆ. ಅವನು ನಿಂತ. ಸಿಟ್ಟಾಗಲಿಲ್ಲ. “ಬಿಡ್ರಿ ಸರ್. ನೀವು ಹಿಂಗ ಜಗ್ಗಿದ್ರ ನಾ ಎಲ್ಲಿ ನಿಂತೇನಿ ಅನ್ನೋದ ನನಗ ತಪ್ಪತೈತ್ರಿ” ಎಂದ. ಆಮೇಲೆ ಮತ್ತೆ ಹಿಂದಕ್ಕೆ ಹತ್ತು ಹೆಜ್ಜೆ ಹೋಗಿ, ಒಂದು ಕಂಬವನ್ನು ಕೋಲಿನಿಂದ ಮುಟ್ಟಿ, ಅಲ್ಲಿಂದ ತನ್ನ ಲೆಕ್ಕವನ್ನು ಹೊಸದಾಗಿ ಶುರುಮಾಡಿದ. ಅವನು ಆವರೆಗೆ ಎಷ್ಟು ವಿಷಯಗಳನ್ನು ಒಟ್ಟಿಗೆ ಹಿಡಿದುಕೊಂಡು ನಡೆದಿದ್ದನೆಂದು ಆಮೇಲೆ ಕೇಳಿ ತಿಳಿದೆ. ಕೋಲಿನ ತುದಿಗೆ ತಾಗುವ ಕಟ್ಟೆಯ ಅಂಚು, ಎಡಗೆನ್ನೆಗೆ ಬೀಳುವ ಬಿಸಿಲು, ಚಹಾದಂಗಡಿಯ ಸ್ಟವ್ವಿನ ಬುಸುಗುಟ್ಟುವಿಕೆ, ‘ಗದಗ ಗದಗ’ ಎನ್ನುವ ಕೂಗು ಬರುವ ದಿಕ್ಕು, ಛಾವಣಿ ಮುಗಿದು ಬಯಲು ಶುರುವಾದಾಗ ತನ್ನ ಚಪ್ಪಲಿಯ ಸಪ್ಪಳ ತೆಳುವಾಗುವುದು. ಇಷ್ಟನ್ನೂ ಸೇರಿಸಿ ಅವನು ಹೆಣೆದಿದ್ದ ನಕ್ಷೆಯನ್ನು ನನ್ನ ಒಂದು ಜಗ್ಗು ಹರಿದು ಹಾಕಿತ್ತು. ನಿಮ್ಮ ಕೈಯಲ್ಲಿದ್ದ ಮೊಬೈಲ್ ಕಸಿದು, ‘ದಾರಿ ನಾನು ತೋರಿಸುತ್ತೇನೆ ಬಾ’ ಎಂದು ಯಾರೋ ಎಳೆದೊಯ್ದರೆ ನೀವು ಅದನ್ನು ಸಹಾಯವೆನ್ನುತ್ತೀರಾ?

ಸಹಾಯಕ್ಕೂ ಒಂದು ಕ್ರಮವಿದೆ. ಮೊದಲು ಕೇಳಬೇಕು: ಬೇಕೇ? ಬೇಕೆಂದರೆ ನಿಮ್ಮ ಮೊಣಕೈ ನೀಡಬೇಕು. ಅವರು ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಿಮ್ಮ ಮೈ ಏರಿದರೆ ಮೆಟ್ಟಿಲೆಂದೂ ತಿರುಗಿದರೆ ತಿರುವೆಂದೂ ಅವರಿಗೇ ತಿಳಿಯುತ್ತದೆ. ಹಿಡಿಯುವವರು ಅವರು, ಬಿಡುವವರೂ ಅವರು. ನಾವು ಮಾಡುವುದು ಇದರ ತದ್ವಿರುದ್ಧ. ಹಿಂದಿನಿಂದ ಭುಜ ಹಿಡಿದು ಗಾಡಿ ತಳ್ಳಿದಂತೆ ತಳ್ಳುತ್ತೇವೆ.

ಇನ್ನು ದೇವರ ವರದ ಮಾತು. ಇದು ಹೊಗಳಿಕೆಯ ವೇಷದಲ್ಲಿರುವುದರಿಂದ ಹೆಚ್ಚು ಅಪಾಯಕಾರಿ. ಕಣ್ಣಿಲ್ಲದವರು ಅಡ್ಡಿಗಳನ್ನು ದೂರದಿಂದಲೇ ಅರಿಯುತ್ತಾರೆಂಬುದು ಹಳೆಯ ಸಂಗತಿ. ಫ್ರಾನ್ಸಿನ ದಿದರೋ 1749ರಲ್ಲಿ ಅಂಧರ ಕುರಿತು ಬರೆದ ತನ್ನ ಪ್ರಸಿದ್ಧ ಪತ್ರದಲ್ಲಿ, ಮುಖಕ್ಕೆ ತಾಗುವ ಗಾಳಿಯಿಂದ ಅವರು ಇದನ್ನು ತಿಳಿಯುತ್ತಾರೆಂದು ಊಹಿಸಿದ. ಮುಂದೆ ಇದಕ್ಕೆ ‘ಮುಖದ ದೃಷ್ಟಿ’ ಎಂದೇ ಹೆಸರಾಯಿತು. ಸ್ವತಃ ಅಂಧರೂ ತಮ್ಮ ಕೆನ್ನೆ ಹಣೆಗಳಿಗೆ ಏನೋ ಒತ್ತಿದಂತಾಗುತ್ತದೆ ಎನ್ನುತ್ತಿದ್ದರು. ಸುಮಾರು ಇನ್ನೂರು ವರ್ಷ ಇದು ಆರನೆಯ ಇಂದ್ರಿಯದ ಸೀಮೆಯಲ್ಲೇ ಉಳಿಯಿತು. ಬಾವಲಿಯ ಕಥೆಯೂ ಹಾಗೇ ಆಗಿತ್ತು. ಇಟಲಿಯ ಸ್ಪಲಾಂಜಾನಿ 1790ರ ದಶಕದಲ್ಲಿ, ಕಣ್ಣಿಲ್ಲದೆಯೂ ಹಾರುವ ಬಾವಲಿ ಕಿವಿ ಮುಚ್ಚಿದರೆ ದಿಕ್ಕುಗೆಡುತ್ತದೆಂದು ತಿಳಿಸಿದಾಗ ಬಹಳ ಮಂದಿ ಪಂಡಿತರು ನಕ್ಕರು.

ಅಂಧರ ವಿಷಯದಲ್ಲಿ ಗಂಟು ಬಿಡಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಮೈಕೆಲ್ ಸೂಪಾ ಸ್ವತಃ ಅಂಧರು. ಅವರು, ಜೊತೆಯ ಮಿಲ್ಟನ್ ಕಾಟ್ಜಿನ್, ಗುರು ಕಾರ್ಲ್ ಡಾಲೆನ್‌ಬಾಕ್ ಸೇರಿ ನಡೆಸಿದ ಪ್ರಯೋಗಗಳು 1944ರಲ್ಲಿ ಪ್ರಕಟವಾದವು. ಇಬ್ಬರು ಅಂಧರನ್ನೂ ಕಣ್ಣಿಗೆ ಬಟ್ಟೆ ಕಟ್ಟಿದ ಇಬ್ಬರು ಕಣ್ಣಿದ್ದವರನ್ನೂ ಗೋಡೆಯತ್ತ ನಡೆಸಿದರು. ಮುಖ ಮುಚ್ಚಿದರೂ ಅವರು ಗೋಡೆ ಬರುವ ಮುನ್ನ ನಿಂತರು. ಬೂಟು ಕಳಚಿ ಕಂಬಳಿಯ ಮೇಲೆ ನಡೆಸಿದಾಗ ತಡವಾಗಿ ನಿಂತರು. ಕಿವಿ ಬಿಗಿಯಾಗಿ ಮುಚ್ಚಿದಾಗ ನೇರ ಹೋಗಿ ಢೀ ಕೊಟ್ಟರು. ಕೆನ್ನೆಗೆ ಒತ್ತಿದಂತಾಗುತ್ತಿದ್ದುದು ಕಿವಿಯ ಕೆಲಸವಾಗಿತ್ತು. ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಬಟ್ಟೆ ಕಟ್ಟಿಕೊಂಡ ಕಣ್ಣಿದ್ದವರೂ ಕೆಲವು ದಿನಗಳ ಅಭ್ಯಾಸದಲ್ಲಿ ಇದನ್ನು ಕಲಿತರು ಎಂಬುದು. ಕಣ್ಣಿದ್ದವರಿಗೂ ಬರುವುದಾದರೆ ಅದು ಕಣ್ಣು ಕಿತ್ತುಕೊಂಡದ್ದಕ್ಕೆ ದೇವರು ಕೊಟ್ಟ ಪರಿಹಾರ ಹೇಗಾಯಿತು? ಅದೇ 1944ರಲ್ಲಿ ಬಾವಲಿಗಳ ಸಂಶೋಧಕ ಡೊನಾಲ್ಡ್ ಗ್ರಿಫಿನ್ ‘ಎಕೋಲೊಕೇಶನ್’ ಎಂಬ ಪದ ಹುಟ್ಟಿಸಿ, ಬಾವಲಿ, ರಾಡಾರ್, ಕಣ್ಣಿಲ್ಲದ ಮನುಷ್ಯ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ.

ಇದರ ಲೆಕ್ಕ ಸರಳ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಿಮ್ಮ ಮುಂದೆ 1.7 ಮೀಟರ್ ದೂರದಲ್ಲಿ ಗೋಡೆಯಿದ್ದರೆ ನಾಲಿಗೆಯ ಸದ್ದು ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಪಳಗಿದವರ ಒಂದು ಟಕ್ ಅದಕ್ಕಿಂತಲೂ ಚಿಕ್ಕದು, ಕೆಲವೇ ಮಿಲಿಸೆಕೆಂಡ್. ಇಟ್ಟಿಗೆ ಗೋಡೆಯಿಂದ ಸದ್ದು ಚೂಪಾಗಿ ಮರಳುತ್ತದೆ, ದಾಸವಾಳದ ಬೇಲಿಯಿಂದ ಚದುರಿ ಬರುತ್ತದೆ, ಒಣಹಾಕಿದ ಕಂಬಳಿ ಅದನ್ನು ನುಂಗುತ್ತದೆ, ತೆರೆದ ಬಾಗಿಲಿರುವಲ್ಲಿ ಏನೂ ಮರಳದೆ ಒಂದು ತೂತು ಕೇಳಿಸುತ್ತದೆ. ನಂಬಿಕೆಯಿಲ್ಲದವರು ಕಣ್ಣು ಮುಚ್ಚಿ, ಬಾಯಲ್ಲಿ ‘ಶ್…’ ಎನ್ನುತ್ತ, ಊಟದ ತಟ್ಟೆಯನ್ನು ಮುಖದ ಹತ್ತಿರಕ್ಕೆ ತಂದು ದೂರ ಒಯ್ದು ನೋಡಲಿ. ಸದ್ದಿನ ಬಣ್ಣ ಬದಲಾಗುವುದು ಮೊದಲ ದಿನವೇ ತಿಳಿಯುತ್ತದೆ. ಪಾಠ ಶುರುವಾಗುವುದೂ ಇಲ್ಲಿಂದಲೇ. ಬಾವಿಗೆ ಬಗ್ಗಿ ‘ಓ’ ಎಂದು ಕೂಗಿದವರು ನಾವು. ವಿಜಯಪುರಕ್ಕೆ ಹೋಗಿ, ಗೋಳಗುಮ್ಮಟ ಹತ್ತಿ, ಚಪ್ಪಾಳೆ ತಟ್ಟಿ, ಏಳು ಸಲ ಮರಳಿತೆಂದು ಎಣಿಸಿ ಹಿಗ್ಗುವವರು ನಾವು. ಸ್ವಂತ ಹಿತ್ತಿಲ ಗೋಡೆ ಒಂದು ಸಲ ಉತ್ತರ ಕೊಡುತ್ತದೆಂದರೆ ಮಾತ್ರ ಅದು ಪವಾಡವೆನ್ನುತ್ತೇವೆ.

ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಲೋರ್ ಥೇಲರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ಮುಂದಿಡುತ್ತೇನೆ. ಹನ್ನೆರಡು ಮಂದಿ ಅಂಧರು, ಹದಿನಾಲ್ಕು ಮಂದಿ ಕಣ್ಣಿದ್ದವರು, ಹತ್ತು ವಾರದಲ್ಲಿ ಇಪ್ಪತ್ತು ಪಾಠ. ವಯಸ್ಸು 21ರಿಂದ 79. ಕಲಿಕೆಗೆ ವಯಸ್ಸೂ ಅಡ್ಡಬರಲಿಲ್ಲ, ಕಣ್ಣಿರುವುದೂ ಇಲ್ಲದಿರುವುದೂ ಅಡ್ಡಬರಲಿಲ್ಲ. ಮೂರು ತಿಂಗಳ ಬಳಿಕ ಕೇಳಿದಾಗ ಕಲಿತ ಅಂಧರೆಲ್ಲರೂ ತಮ್ಮ ಓಡಾಟ ಸುಧಾರಿಸಿದೆಯೆಂದರು; 83% ಮಂದಿ ಸ್ವಾವಲಂಬನೆಯೂ ನೆಮ್ಮದಿಯೂ ಹೆಚ್ಚಿದೆಯೆಂದರು. ಹನ್ನೆರಡು ಮಂದಿಯ ಅಧ್ಯಯನ ಚಿಕ್ಕದೇ. ಆದರೆ ‘ಎಲ್ಲೋ ಒಬ್ಬನಿಗೆ ಒಲಿಯುವ ವರ’ ಎಂಬ ವಾದವನ್ನು ಬೀಳಿಸಲು ಅಷ್ಟು ಸಾಕು. 2011ರಲ್ಲೇ ಥೇಲರ್, ಸ್ಟೀಫನ್ ಆರ್ನಾಟ್ ಮತ್ತು ಮೆಲ್ವಿನ್ ಗುಡೇಲ್ ಕೆನಡಾದಲ್ಲಿ, ಪಳಗಿದ ಇಬ್ಬರು ಅಂಧರ ಮಿದುಳನ್ನು ಸ್ಕ್ಯಾನ್ ಮಾಡಿ, ಮಾರ್ದನಿ ಕೇಳಿಸಿಕೊಳ್ಳುವಾಗ ಸಾಮಾನ್ಯವಾಗಿ ನೋಟಕ್ಕೆ ಮೀಸಲಾದ ಭಾಗವೇ ಚುರುಕಾಗುವುದನ್ನು ತೋರಿಸಿದ್ದರು.

ವರದ ಮಾತಿಗೆ ನಮ್ಮ ನೆಲದಲ್ಲೇ ಇನ್ನೂ ಗಟ್ಟಿಯಾದ ಉತ್ತರವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. 1914ರಿಂದ 2010ರವರೆಗೆ ಬಾಳಿ ಸಾವಿರಾರು ಮಕ್ಕಳಿಗೆ ವಿದ್ಯೆ ಕೊಟ್ಟವರು. ಇವರಿಂದ ನಾವು ಕಲಿತ ಪಾಠ ಯಾವುದು? ‘ಕಣ್ಣಿಲ್ಲದವರಿಗೆ ಸಂಗೀತ ಒಲಿಯುತ್ತದೆ’ ಎಂಬ ಸೋಮಾರಿ ಪಾಠ. ಒಲಿದದ್ದಲ್ಲ, ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಕೂತು ಒಲಿಸಿಕೊಂಡದ್ದು. ಹಿಂದೂಸ್ತಾನಿ, ಕರ್ನಾಟಕಿ, ಹಾರ್ಮೋನಿಯಂ, ತಬಲಾ, ಪಿಟೀಲು, ನಾಟಕ ಕಂಪನಿ, ಸಂಸ್ಕೃತದಲ್ಲಿ ಗ್ರಂಥರಚನೆ: ಇಷ್ಟನ್ನೂ ವರವೆಂದು ಕರೆದರೆ ರಿಯಾಜಿಗೆ ಮಾಡುವ ಅವಮಾನ. ಗಂಟಲಿಗೆ, ಬೆರಳಿಗೆ ರಿಯಾಜ್ ಇರುವಂತೆ ಕಾಲಿಗೂ ಕಿವಿಗೂ ಕೋಲಿಗೂ ರಿಯಾಜ್ ಇದೆ. ಅದನ್ನು ಕಲಿಸುವ ಗುರು ಸಿಗಬೇಕು, ತಪ್ಪುಗಳನ್ನು ಸಹಿಸುವ ಮನೆ ಬೇಕು.

ಅದೇ ಆಶ್ರಮ ಒಂದು ಗಾದೆಯನ್ನೂ ಸುಳ್ಳು ಮಾಡಿದೆ. ‘ಕುರುಡನಿಗೆ ಕುರುಡ ದಾರಿ ತೋರಿದ ಹಾಗೆ’ ಎಂದು ನಾವು ಕೆಟ್ಟ ಕೆಲಸಕ್ಕೆ ಉಪಮೆ ಕೊಡುತ್ತೇವೆ. ಗದಗಿನಲ್ಲಿ ಅಂಧ ಗುರು ಅಂಧ ಶಿಷ್ಯನಿಗೆ ದಾರಿ ತೋರಿ ತಲೆಮಾರು ಕಳೆಯಿತು. ಅಮೆರಿಕದಲ್ಲಿಯೂ ಈ ಗಾದೆಯನ್ನು ನಂಬಿದ ತಜ್ಞರಿದ್ದರು. ಕಣ್ಣಿಲ್ಲದವರು ಓಡಾಟದ ಶಿಕ್ಷಕರಾಗಲು ದಶಕಗಳ ಕಾಲ ಬಿಡಲಿಲ್ಲ. ಕಿಶ್ ಮೊದಲಾದವರು ಆ ಬೇಲಿ ಮುರಿದರು. ಹದಿನಾಲ್ಕನೇ ವಯಸ್ಸಿನಲ್ಲಿ ದೃಷ್ಟಿ ಹೋದ ಬ್ರಯನ್ ಬುಶ್‌ವೇ ಎಂಬ ಹುಡುಗ ಕಿಶ್ ಬಳಿ ಕಲಿತು, ಗುಡ್ಡದ ದಾರಿಯಲ್ಲಿ ಸೈಕಲ್ ಓಡಿಸಿ, ಮುಂದೆ ತಾನೇ ಶಿಕ್ಷಕನಾದ. ದೃಷ್ಟಿ ಕಳೆದುಕೊಂಡ ಹುಡುಗನ ಮುಂದೆ, ಅದೇ ಸ್ಥಿತಿಯಲ್ಲಿ ರಸ್ತೆ ದಾಟಿ ಬಂದು ನಿಂತ ಗುರುವಿಗಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?

ಮಹಾಭಾರತದ ಗಾಂಧಾರಿಯನ್ನು ನಾವು ಪತಿವ್ರತೆಯೆಂದು ಹೊಗಳುತ್ತೇವೆ. ಗಂಡನಿಗೆ ಕಾಣದ್ದು ತನಗೂ ಬೇಡವೆಂದು ಆಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಫಲವೇನು? ಅರಮನೆಯಲ್ಲಿ ಕಾಣದವರು ಇಬ್ಬರಾದರು. ಇಬ್ಬರನ್ನೂ ಇತರರು ಕೈಹಿಡಿದು ನಡೆಸಬೇಕಾಯಿತು. ಅಮೆರಿಕದ ಅಯೋವಾ ರಾಜ್ಯದಲ್ಲಿ 1958ರಿಂದ ಅಂಧರ ಆಯೋಗವನ್ನು ನಡೆಸಿದ ಕೆನೆತ್ ಜರ್ನಿಗನ್ ಕೂಡ ಬಟ್ಟೆ ಕಟ್ಟಿಸಿದರು. ಸ್ವತಃ ಅಂಧರಾದ ಅವರು ಕಟ್ಟಿಸಿದ್ದು ತಮ್ಮ ಸಂಸ್ಥೆಯ ಕಣ್ಣಿದ್ದ ಶಿಕ್ಷಕರಿಗೆ. ಬಟ್ಟೆ ಕಟ್ಟಿಕೊಂಡು, ಕೋಲು ಹಿಡಿದು, ಊರಿನ ಗದ್ದಲದ ರಸ್ತೆಯನ್ನು ಒಬ್ಬರೇ ದಾಟಿ ಬರಬೇಕು. ಕಣ್ಣಿಲ್ಲದೆ ದಾಟಬಹುದೆಂಬ ನಂಬಿಕೆ ಮೊದಲು ಗುರುವಿನ ಮೈಗೆ ಹತ್ತಬೇಕು. ಗಾಂಧಾರಿಯ ಬಟ್ಟೆ ದುಃಖದಲ್ಲಿ ಪಾಲು ಕೇಳಿತು, ಜರ್ನಿಗನ್ನರ ಬಟ್ಟೆ ವಿದ್ಯೆಯಲ್ಲಿ ಪಾಲು ಕೇಳಿತು. ನಮ್ಮ ವಿಶೇಷ ಶಾಲೆಗಳ ಶಿಕ್ಷಕರಲ್ಲಿ ಎಷ್ಟು ಮಂದಿ ಕಣ್ಣಿಗೆ ಬಟ್ಟೆ ಕಟ್ಟಿ ಶಾಲೆಯ ಗೇಟಿನಿಂದ ಬಸ್ ಸ್ಟಾಪಿನವರೆಗೆ ಹೋಗಿದ್ದಾರೆ? ಹೋಗದವರು ‘ಆಗುವುದಿಲ್ಲ’ ಎಂದರೆ ಆ ಮಾತಿಗೆ ಬೆಲೆಯೆಷ್ಟು?

ಈಗ ರಸ್ತೆಯ ವಾದಕ್ಕೆ ಬರೋಣ. ಇದು ಪೂರ್ವಪಕ್ಷದ ಅತ್ಯಂತ ಬಲವಾದ ಕಂಬ, ಇದರಲ್ಲಿ ನಿಜವಿದೆ. ಮಾರ್ದನಿ ಎಲ್ಲವನ್ನೂ ತಿಳಿಸುವುದಿಲ್ಲ. ಕಾಲಬುಡದ ಗುಂಡಿ, ಮುಚ್ಚಳ ಹೋದ ಚರಂಡಿ, ಇಳಿಯುವ ಮೆಟ್ಟಿಲು ನಾಲಿಗೆಯ ಸದ್ದಿಗೆ ಸಿಗುವುದು ಕಷ್ಟ. ಮೆಜೆಸ್ಟಿಕ್ಕಿನಂಥ ಹಾರ್ನ್ ಸಂತೆಯಲ್ಲಿ ಟಕ್ ಮುಳುಗಿಯೂ ಹೋಗುತ್ತದೆ. ಆದ್ದರಿಂದಲೇ ಕೋಲು ಬೇಕು. ಉದ್ದನೆಯ ಹಗುರ ಕೋಲನ್ನು ಎದೆಯೆತ್ತರಕ್ಕೆ ಅಳೆದು, ಒಂದು ಕಾಲು ಮುಂದಿಟ್ಟಾಗ ಇನ್ನೊಂದು ಕಾಲಿನ ಮುಂದೆ ತಟ್ಟುವ ಈ ಕ್ರಮವನ್ನು ಅಮೆರಿಕದ ರಿಚರ್ಡ್ ಹೂವರ್ 1944ರ ಹೊತ್ತಿಗೆ ರೂಪಿಸಿದ್ದು ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಕೋಲು ನೆಲವನ್ನು ಓದುತ್ತದೆ. ಎದುರಿನ ಗೋಡೆ, ನಿಂತ ಲಾರಿ, ಓಣಿಯ ಬಾಯಿ, ತಲೆಯೆತ್ತರದ ಅಡ್ಡಿಗಳ ಸುಳಿವನ್ನು ಕಿವಿ ಓದುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಕೋಲನ್ನು ಬಿಟ್ಟು ಬರಿ ನಾಲಿಗೆಯನ್ನು ನಂಬೆನ್ನುವವನು ಮೋಸಗಾರ. ಮಾರ್ದನಿಯನ್ನು ಟೀವಿಯವರು ಸರ್ಕಸ್ಸಿನಂತೆ ತೋರಿಸಿ, ಕೋಲಿನ ನಿತ್ಯದ ಪಾಠವನ್ನು ಮರೆಮಾಡುತ್ತಾರೆಂದು ಗೊಣಗುವ ಅಂಧರಿದ್ದಾರೆ. ಅವರ ಗೊಣಗಾಟ ನ್ಯಾಯವಾದದ್ದೇ.

ಆದರೆ ಗುಂಡಿಯಿದೆಯೆಂಬುದು ಯಾರ ಮೇಲಿನ ದೂರು? ರಸ್ತೆಯಲ್ಲಿ ಗುಂಡಿಯಿದೆಯೆಂದು ಸ್ಕೂಟರ್ ಓಡಿಸುವವರನ್ನು ಮನೆಯಲ್ಲಿ ಕೂಡಿಹಾಕಿದ್ದೇವೆಯೇ? ಫುಟ್‌ಪಾತಿನ ಮೇಲೆ ಬೈಕ್ ಹತ್ತಿಸುವವನು ತಿರುಗಾಡಬಹುದು, ಅಂಗಡಿಯ ಬೋರ್ಡನ್ನು ದಾರಿಗೆ ಅಡ್ಡ ಇಡುವವನು ತಿರುಗಾಡಬಹುದು, ಇವರಿಗೆ ಢಿಕ್ಕಿ ಹೊಡೆಯಬಹುದಾದ ಹುಡುಗ ಮಾತ್ರ ಮನೆಯಲ್ಲಿರಬೇಕು. ಕ್ಯಾಲಿಫೋರ್ನಿಯಾದ ಅಂಧ ನ್ಯಾಯಶಾಸ್ತ್ರಜ್ಞ ಜೇಕೋಬಸ್ ಟೆನ್‌ಬ್ರೂಕ್ 1966ರ ತಮ್ಮ ಪ್ರಬಂಧವೊಂದರಲ್ಲಿ ಇದನ್ನೇ ಹಕ್ಕಿನ ಭಾಷೆಯಲ್ಲಿ ವಾದಿಸಿದರು. ಅಂಗವಿಕಲರಿಗೂ ಲೋಕದಲ್ಲಿ ಬದುಕುವ ಹಕ್ಕಿದೆ, ಆದ್ದರಿಂದ ಬೀದಿಯಲ್ಲಿರುವುದೇ ಅವರ ತಪ್ಪೆಂದು ಕಾನೂನು ನೋಡಬಾರದು ಎಂಬುದು ಅದರ ತಿರುಳು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ನಿಯಮ ಬಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಎಟುಕುವಂತಾಗಬೇಕೆಂದು ಅದು ಹೇಳುತ್ತದೆ. ಆ ನಿಯಮಗಳು ಕಡ್ಡಾಯವಾಗದೆ ಬರೀ ಸಲಹೆಯಂತಿವೆ, ಇದು ಕಾಯ್ದೆಗೇ ವಿರುದ್ಧ ಎಂದು 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಈ ನಡುವೆ ಸರಕಾರದ ಕಾಗದಗಳಲ್ಲಿ ಅವರು ‘ದಿವ್ಯಾಂಗ’ರಾದರು. ಹೆಸರು ದಿವ್ಯವಾಯಿತು, ಚರಂಡಿಗೆ ಮುಚ್ಚಳ ಬರಲಿಲ್ಲ.

ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ, ಕಾಲಿಗೆ ತಿಳಿಯುವ ಉಬ್ಬು ಹಾಸುಗಲ್ಲು ಮೊದಲ ಬಾರಿಗೆ 1967ರಲ್ಲಿ ಒಕಯಾಮಾ ನಗರದ ರಸ್ತೆಗೆ ಬಂತು. ಇಂದು ನಮ್ಮ ಮೆಟ್ರೊ ನಿಲ್ದಾಣಗಳ ಹಳದಿ ಪಟ್ಟಿ ಅದರ ಮೊಮ್ಮಗ. ನಿಲ್ದಾಣದ ಹೊರಗೆ ಕೆಲವೆಡೆ ಆ ಹಳದಿ ಪಟ್ಟಿ ನೇರ ಹೋಗಿ ವಿದ್ಯುತ್ ಕಂಬಕ್ಕೆ ಮುಗಿಯುವುದನ್ನು ನೋಡಿದ್ದೇನೆ. ಹಾಸಿದವರಿಗೆ ಅದು ಅಲಂಕಾರ. ಅದರ ಮೇಲೆ ಯಾರಾದರೂ ನಿಜವಾಗಿ ನಡೆಯುತ್ತಾರೆಂದು ಅವರು ನಂಬಿರಲೇ ಇಲ್ಲ. ಇಲ್ಲಿಗೆ ವರ್ತುಲ ಪೂರ್ತಿಯಾಗುತ್ತದೆ: ರಸ್ತೆ ಸರಿಯಿಲ್ಲದ್ದರಿಂದ ಅವರು ಹೊರಗೆ ಬರುವುದಿಲ್ಲ, ಅವರು ಬಾರದ್ದರಿಂದ ರಸ್ತೆ ಸರಿಯಾಗುವುದಿಲ್ಲ. 2011ರ ಜನಗಣತಿಯಂತೆ ಈ ದೇಶದಲ್ಲಿ ನೋಡುವ ತೊಂದರೆಯಿರುವವರು 50 ಲಕ್ಷಕ್ಕೂ ಹೆಚ್ಚು. ಅಷ್ಟು ಮಂದಿಯಲ್ಲಿ ನಿಮ್ಮ ಬೀದಿಯಲ್ಲಿ ಈ ವಾರ ಎಷ್ಟು ಮಂದಿಯನ್ನು ಕಂಡಿರಿ?

ಯಂತ್ರ ಬರುತ್ತದೆಂಬ ವಾದಕ್ಕೆ ಹೆಚ್ಚು ಹೊತ್ತು ಬೇಡ. ಐಐಟಿ ದೆಹಲಿ 2014ರಲ್ಲಿ ಹೊರತಂದ ‘ಸ್ಮಾರ್ಟ್‌ಕೇನ್’ ಒಳ್ಳೆಯ ಸಾಧನ. ಶ್ರವಣಾತೀತ ತರಂಗ ಕಳಿಸಿ, ಮೊಣಕಾಲಿನ ಮೇಲಿನ ಅಡ್ಡಿಯನ್ನು ಹಿಡಿಕೆಯ ನಡುಕದಿಂದ ತಿಳಿಸುತ್ತದೆ. ಅದರ ಮೂಲತತ್ವವೂ ಬಾವಲಿಯದೇ, ಆ ನಾಲಿಗೆಯ ಟಕ್‌ನದೇ. ಅದನ್ನು ಬಳಸಲೂ ಮೊದಲು ಕೋಲು ಹಿಡಿದು ನಡೆಯಲು ಬರಬೇಕು. ನಮ್ಮಲ್ಲಿ ಆಗುವುದೇನು? 1981ರಿಂದ ಸಾಧನ ಸಲಕರಣೆ ಹಂಚುವ ಕೇಂದ್ರದ ಯೋಜನೆಯಿದೆ. ಶಿಬಿರ ನಡೆಯುತ್ತದೆ, ಶಾಮಿಯಾನ ಹಾಕುತ್ತಾರೆ, ಗಣ್ಯರು ಮಡಚುವ ಕೋಲನ್ನು ಕೈಗಿಡುತ್ತಾರೆ, ಫೋಟೊ ಆಗುತ್ತದೆ. ಕೋಲು ಪಡೆದವರನ್ನು ವೇದಿಕೆಯಿಂದ ಇಬ್ಬರು ಕೈಹಿಡಿದೇ ಇಳಿಸುತ್ತಾರೆ. ಕೋಲು ಮನೆಗೆ ಹೋಗಿ ಬಾಗಿಲ ಮೂಲೆ ಸೇರುತ್ತದೆ. ವೀಣೆ ಕೊಟ್ಟು ಪಾಠ ಹೇಳದಿದ್ದರೆ ಅದನ್ನು ಸಂಗೀತಸೇವೆಯೆಂದು ಯಾರಾದರೂ ಕರೆದಾರೇ?

ಉಳಿದದ್ದು ಬಿದ್ದರೆ ಎಂಬ ಭಯ. ತಾಯಿಯ ಭಯವನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ಆದರೆ ಭಯದ ಲೆಕ್ಕಪುಸ್ತಕದಲ್ಲಿ ಒಂದೇ ಪುಟವಿರಬಾರದು. ಕಂಬಕ್ಕೆ ಹಣೆ ಬಡಿದರೆ ಬುಗುಟೆ ಏಳುತ್ತದೆ, ಮೂರು ದಿನಕ್ಕೆ ಇಳಿಯುತ್ತದೆ. ಕಂಬದ ಹತ್ತಿರವೇ ಬಿಡದೆ ಬೆಳೆಸಿದ ಮಗು ಹದಿನೆಂಟಕ್ಕೆ ಬಂದಾಗ ತನ್ನ ಬೀದಿಯ ಉದ್ದವೆಷ್ಟೆಂದು ಅರಿಯದು, ಕಿರಾಣಿಯವನೊಡನೆ ಚಿಲ್ಲರೆಗೆ ಜಗಳವಾಡಲು ಅರಿಯದು, ಕೆಲಸ ಸಿಕ್ಕರೆ ಹೋಗಿ ಸೇರಲು ಜೊತೆಗೊಬ್ಬರನ್ನು ಹುಡುಕುತ್ತದೆ. ತಂದೆತಾಯಿ ಇಲ್ಲದ ದಿನ ಅದನ್ನು ಹಿಡಿದು ನಡೆಸುವ ಕೈ ಯಾರದು? ಆ ಪುಟವನ್ನು ಯಾರೂ ತೆರೆಯುವುದಿಲ್ಲ. ಹೆಣ್ಣುಮಗುವಾದರಂತೂ ಬಾಗಿಲಿಗೆ ಎರಡು ಬೀಗ. ‘ಕಣ್ಣೂ ಕಾಣಲ್ಲ, ಹೆಣ್ಣು ಬೇರೆ’ ಎಂದು ಒಂದೇ ಉಸಿರಿನಲ್ಲಿ ಅವಳನ್ನು ಕೋಣೆಗೆ ಸೇರಿಸುತ್ತೇವೆ. ದಾರಿ ಗೊತ್ತಿರುವ, ದನಿಯ ದಿಕ್ಕು ಹಿಡಿಯುವ, ಯಾರ ತೋಳೂ ಇಲ್ಲದೆ ಅಲ್ಲಿಂದ ಹೊರಟು ಬರಬಲ್ಲ ಹುಡುಗಿ ಹೆಚ್ಚು ಸುರಕ್ಷಿತಳೋ, ಬಂದವರ ತೋಳನ್ನೆಲ್ಲ ನಂಬಬೇಕಾದ ಹುಡುಗಿಯೋ?

ಈ ನಾಡಿನ ಕಿವಿಗಳ ಶಕ್ತಿ ನಮಗೆ ಗೊತ್ತಿಲ್ಲವೆಂದೇನಲ್ಲ. ಒಳಗೆ ಗುಂಡು ತುಂಬಿ ಗಲಗಲ ಎನ್ನುವ ಚೆಂಡನ್ನು ಕಿವಿಯಿಂದಲೇ ಹಿಂಬಾಲಿಸಿ ಬ್ಯಾಟು ಬೀಸುವ ಅಂಧರ ಕ್ರಿಕೆಟ್ಟಿಗೆ ಬೆಂಗಳೂರು ತವರಿನಂತಿದೆ. 2012ರಲ್ಲಿ ಇಲ್ಲೇ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಎತ್ತಿದ ತಂಡದ ನಾಯಕಿ ಕರ್ನಾಟಕದವರೇ ಆದ ದೀಪಿಕಾ ಟಿ.ಸಿ. ಕಪ್ಪು ಗೆದ್ದವರಿಗೆ ಹಾರ ಹಾಕಿ ಕುಣಿದೆವು. ಮೈದಾನದಲ್ಲಿ ಓಡುವ ಚೆಂಡನ್ನು ಹಿಡಿಯಬಲ್ಲ ಕಿವಿ, ಮೈದಾನದ ಹೊರಗೆ ನಿಂತ ಆಟೊವನ್ನು ಹಿಡಿಯಲಾರದೆಂದು ಮರುದಿನವೇ ನಂಬಿದೆವು.

ಕೊನೆಯದಾಗಿ ಆ ಟಕ್‌ನ ಪಾಡು. ಕಣ್ಣಿಲ್ಲದ ಎಷ್ಟೋ ಮಕ್ಕಳು ಯಾರೂ ಹೇಳದೆಯೇ ನಾಲಿಗೆ ಟಕ್ಕೆನ್ನಿಸುತ್ತಾರೆ, ಚಿಟಿಕೆ ಹೊಡೆಯುತ್ತಾರೆ, ಕಾಲನ್ನು ನೆಲಕ್ಕೆ ಬಡಿದು ನಡೆಯುತ್ತಾರೆ. ಮನೆಯಲ್ಲಿ ಅದಕ್ಕೆ ಸಿಗುವುದು ಗದರಿಕೆ: ‘ಮಂಗನ ಹಾಗೆ ಸದ್ದು ಮಾಡಬೇಡ, ನೋಡಿದವರು ಏನಂದಾರು?’ ಶಾಲೆಯಲ್ಲೂ ಅದು ಬಿಡಿಸಬೇಕಾದ ಕೆಟ್ಟ ಚಾಳಿ. ಮಗು ತಾನೇ ಕಂಡುಕೊಂಡ ಕಣ್ಣನ್ನು ನಾಚಿಕೆಯ ಹೆಸರಲ್ಲಿ ಎರಡನೇ ಸಲ ಮುಚ್ಚುವುದೆಂದರೆ ಇದೇ. ಕಿಶ್ ಅವರ ತಂದೆತಾಯಿ ಯಾವ ವಿಜ್ಞಾನವನ್ನೂ ಓದಿ ಮಗನನ್ನು ಬೆಳೆಸಲಿಲ್ಲ. ಸದ್ದು ಮಾಡಬೇಡ ಎನ್ನಲಿಲ್ಲ, ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಸರಕಾರ ಕೋಲಿನ ಜೊತೆಗೆ ಕಲಿಸುವವರನ್ನೂ ಕೊಡಲಿ, ಅವರಲ್ಲಿ ಸ್ವತಃ ಕಣ್ಣಿಲ್ಲದವರೂ ಇರಲಿ. ಶಾಲೆಗಳು ಓಡಾಟವನ್ನು ಗಣಿತದಂತೆ ನಿತ್ಯದ ಪಾಠವಾಗಿಸಲಿ. ನಗರಪಾಲಿಕೆ ಚರಂಡಿ ಮುಚ್ಚಲಿ. ಮನೆಯವರು ಇವು ಯಾವುದಕ್ಕೂ ಕಾಯಬೇಕಿಲ್ಲ. ಕೆಲವು ದಿನ ಮಗುವಿನ ಜೊತೆ ಹಾಲಿನ ಅಂಗಡಿಯವರೆಗೆ ನಡೆದು ದಾರಿಯನ್ನು ಪರಿಚಯ ಮಾಡಿಸಿ. ಗೇಟು, ಹುಣಸೆ ಮರ, ಗಿರಣಿಯ ಗೋಡೆ, ತಿರುವು. ಆಮೇಲೆ ಹತ್ತು ಹೆಜ್ಜೆ ಹಿಂದೆ ಬನ್ನಿ. ಆಮೇಲೆ ಗೇಟಿನಲ್ಲೇ ನಿಲ್ಲಿ. ಮೊದಲ ದಿನ ಪ್ಯಾಕೆಟ್ಟು ಕೈಜಾರಿ ಒಡೆಯಬಹುದು, ಚಿಲ್ಲರೆ ಕಡಿಮೆ ಬರಬಹುದು, ಮೊಣಕಾಲು ತರಚಬಹುದು. ಎದುರು ಮನೆಯ ಜಗಲಿಯಿಂದ ಯಾರೋ ಲೊಚಗುಟ್ಟಿಯೇ ಗುಟ್ಟುತ್ತಾರೆ. ಗಾಯ ತೊಳೆದು, ಮರುದಿನ ಬೆಳಿಗ್ಗೆ ದುಡ್ಡು ಕೊಟ್ಟು ಮತ್ತೆ ಕಳಿಸಿ.